ಬಗ್ಗಿಸಿ ನೋಡುವ ಕೆಲಸ

ನಮ್ಮ ನೆರೆಮನೆಯ ಹುಡುಗಿ ಡಿಪ್ಲೊಮಾ ಮುಗಿಸಿದ್ದಾಳೆ. ಆಸ್ಪತ್ರೆ ಸಾಮಾನು ತಯಾರಿಸುವ ಕಂಪೆನಿಯೊಂದರಲ್ಲಿ ಪರೀಕ್ಷೆಯ ವಿಭಾಗಕ್ಕೆ ಆಯ್ಕೆಯಾದ ಖುಷಿಯಲ್ಲಿ ಮೊನ್ನೆ ನಮ್ಮ ಜಗಲಿಗೆ ಬಂದು ಕುಳಿತಳು.

"ಆಂಟಿ, ನೀವೂ ಇದೇ ಕೆಲಸ ಮಾಡಿದ್ದಲ್ವಾ? ಒಳಗೆ ಎಂತ ಮಾಡ್ಲಿಕ್ಕೆ ಇರ್ತದೆ?"

"ಬಗ್ಗಿಸ್ಲಿಕ್ಕೆ."

"ಎಂತದನ್ನು?"

"ಪ್ಲಾಸ್ಟಿಕ್ಕಿನ ಪಟ್ಟಿಯನ್ನು. ಬಗ್ಗಿಸಿ ಮುರೀತದಾ ನೋಡುವುದು. ಮುರಿಯದಿದ್ರೆ ಇಟ್ಟು, ಕೆಲವು ತಿಂಗಳು ಕಳೆದು ಪುನಃ ಬಗ್ಗಿಸುವುದು."

ಅವಳು ನಾನು ತಮಾಷೆ ಮಾಡುತ್ತಿದ್ದೇನೆಂದು ನಕ್ಕಳು. ಚಹಾ ಕುಡಿದು ಹೋದಳು. ಅಷ್ಟು ಖುಷಿಯಲ್ಲಿದ್ದವಳ ಎದುರು ಉಳಿದದ್ದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಉಳಿದದ್ದು ಇಲ್ಲಿದೆ. ಅವಳು ಓದಲಿ, ಅವಳಂಥವರು ಓದಲಿ.

ನಾನು ರಸಾಯನಶಾಸ್ತ್ರ ಓದಿದವಳಲ್ಲ. ಮಂಗಳೂರಿನ ಕಾನ್ವೆಂಟಿನಲ್ಲಿ ಕಲಿತು, ಮದುವೆಯಾಗಿ ಗಡಿಯಾಚೆಯ ಉಪ್ಪಳಕ್ಕೆ ಬಂದು, ಅಡುಗೆ ಮನೆಯಲ್ಲಿ ನೆಮ್ಮದಿಯಾಗಿದ್ದವಳು. ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಮಧ್ಯಾಹ್ನದ ಹೊತ್ತು ಮನೆ ಬಿಕೋ ಎನ್ನುತ್ತಿತ್ತು. ಮಂಗಲ್ಪಾಡಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಇಂಜೆಕ್ಷನ್ ಸಿರಿಂಜಿನ ಕೊಳವೆ ಅಚ್ಚು ಹಾಕುವ ಸಣ್ಣ ಕಾರ್ಖಾನೆಯೊಂದಿತ್ತು. ಅಲ್ಲಿ ಮಾದರಿಗಳಿಗೆ ಇಂಗ್ಲಿಷಿನಲ್ಲಿ ಚೀಟಿ ಬರೆದು ಅಂಟಿಸಲು ಒಬ್ಬರು ಬೇಕು ಎಂದು ನನ್ನವರಿಗೆ ಯಾರೋ ಹೇಳಿದರು. ನಮ್ಮ ಶಾಲೆಯ ಸಿಸ್ಟರುಗಳು ಅಕ್ಷರ ದುಂಡಗಾಗದೆ ಮನೆಗೆ ಬಿಡುತ್ತಿರಲಿಲ್ಲ. ಆ ಅಕ್ಷರವೇ ನನ್ನ ಅರ್ಹತೆ. ಕನ್ನಡಕ ಮತ್ತು ಇಂಗ್ಲಿಷ್ ಎರಡೂ ಇದ್ದುದರಿಂದ ಅಲ್ಲಿಯ ಹೆಂಗಸರು ಮೊದಲ ದಿನವೇ ನನ್ನನ್ನು 'ಟೀಚರ್' ಎಂದು ಕರೆದರು. ಕೊನೆಯವರೆಗೂ ಅದೇ ಹೆಸರು ಉಳಿಯಿತು.

ಚೀಟಿ ಬರೆಯುವವಳು ಪಟ್ಟಿ ಬಗ್ಗಿಸುವವಳಾದದ್ದು ಪದ್ಮನಾಭ ಸರ್ ಅವರಿಂದ. ಅವರು ಪುತ್ತಿಗೆಯವರು, ನಮ್ಮ ಕೆಮಿಸ್ಟ್. ಎಲ್ಲೋ ದೊಡ್ಡ ಊರಿನ ದೊಡ್ಡ ಪ್ರಯೋಗಾಲಯ ಬಿಟ್ಟು, ಒಂದು ಪದಾರ್ಥವನ್ನಾದರೂ ಪೂರ್ತಿಯಾಗಿ ತಾನೇ ಮಾಡಿ ನೋಡಬೇಕು ಎಂಬ ಆಸೆಯಿಂದ ಈ ಸಣ್ಣ ಜಾಗಕ್ಕೆ ಬಂದಿದ್ದರು. ಅಂಗಿಯ ಜೇಬಿನಲ್ಲಿ ಯಾವಾಗಲೂ, ಕೊಳವೆಯ ಪ್ಲಾಸ್ಟಿಕ್ಕಿನಿಂದಲೇ ಪರೀಕ್ಷೆಗೆಂದು ಅಚ್ಚು ಹಾಕಿದ ಒಂದು ಪಟ್ಟಿ. ಯೋಚಿಸುವಾಗ ಅದನ್ನು ತೆಗೆದು ಬಗ್ಗಿಸುತ್ತಾ ಕೂರುವರು, ಕೆಲವರು ಜಪಸರ ಎಣಿಸಿದ ಹಾಗೆ.

ಪರೀಕ್ಷೆಯ ಕೋಣೆಯಲ್ಲಿ ನಾವು ಮೂವರು. ಸರ್, ನಾನು, ವರ್ಕಾಡಿಯ ಗಿರಿಜಕ್ಕ. ಗಿರಿಜಕ್ಕ ಮೊದಲು ಬೀಡಿ ಕಟ್ಟುತ್ತಿದ್ದವರು, ನನಗಿಂತ ಹಿರಿಯರು. ಕೋಣೆ ಗುಡಿಸುವುದು, ಪಟ್ಟಿ ಜೋಡಿಸುವುದು, ನಮ್ಮಿಬ್ಬರನ್ನೂ ಗದರಿಸುವುದು ಎಲ್ಲ ಅವರದ್ದೇ. ಅಚ್ಚಿನ ವಿಭಾಗದಲ್ಲಿ ಇನ್ನಷ್ಟು ಹೆಂಗಸರು ಇದ್ದರು. ಅವರ ಮನೆಗಳಲ್ಲಿ ಬೆಳಗ್ಗೆ ಎಷ್ಟು ಗಂಟೆಗೆ ಒಲೆ ಹೊತ್ತಿಕೊಳ್ಳುತ್ತದೆ, ಯಾರ ಮಗಳು ಯಾವ ಕ್ಲಾಸಿನಲ್ಲಿದ್ದಾಳೆ ಎನ್ನುವುದೆಲ್ಲ ನನಗೆ ಊಟದ ಹೊತ್ತಿಗೆ ಗೊತ್ತಾಗುತ್ತಿತ್ತು.

ಈಗ ಕಿರಣದ ವಿಷಯ. ಸಿರಿಂಜು ಕ್ರಿಮಿಮುಕ್ತವಾಗಬೇಕು. ಅದಕ್ಕೆ ಪೆಟ್ಟಿಗೆಗಳನ್ನು ಮುಚ್ಚಿ, ಲಾರಿಯಲ್ಲಿ ಬೇರೆ ರಾಜ್ಯದ ಒಂದು ಕೇಂದ್ರಕ್ಕೆ ಕಳುಹಿಸಿ, ಗಾಮಾ ಕಿರಣ ಹಾಯಿಸಿ ತರಿಸುತ್ತಿದ್ದರು. ಹೋಗುವಾಗ ಪೆಟ್ಟಿಗೆಯ ಮೇಲೆ ಹಳದಿ ಬೊಟ್ಟು, ಬರುವಾಗ ಅದೇ ಬೊಟ್ಟು ಕೆಂಪು. ಕಿರಣ ಬಿದ್ದದ್ದಕ್ಕೆ ಅದೇ ಸಾಕ್ಷಿ. ಪೆಟ್ಟಿಗೆ ತೆರೆದಾಗ ಹುಳಿ ಹುಳಿಯಾದ ಒಂದು ಕಮಟು ವಾಸನೆ ಮೂಗಿಗೆ ಬಡಿಯುತ್ತಿತ್ತು.

ಮೊದಲ ಸಲ ಕೆಂಪು ಬೊಟ್ಟಿನ ಪೆಟ್ಟಿಗೆ ಬಂದಾಗ ಗಿರಿಜಕ್ಕ ಬಾಗಿಲಲ್ಲೇ ನಿಂತುಬಿಟ್ಟರು. ಗೇರುತೋಟಗಳ ಮೇಲೆ ಸಿಂಪಡಿಸಿದ ಮದ್ದಿನಿಂದ ನರಳಿದ ನಮ್ಮ ಜಿಲ್ಲೆಯವರಿಗೆ ಕಣ್ಣಿಗೆ ಕಾಣದ ವಿಷದ ಭಯವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ.

"ನಾನು ಮುಟ್ಟುದಿಲ್ಲ ಸರ್. ನನಗೆ ಮಕ್ಕಳು ಮರಿ ಉಂಟು."

ಸರ್ ಒಂದು ಪಟ್ಟಿ ತೆಗೆದು ಹಲ್ಲಿನ ಸಂದಿಗೆ ಕಡ್ಡಿ ಹಾಕುವಂತೆ ಹಾಕಿಕೊಂಡರು. "ನಿಮ್ಮ ಯಜಮಾನರಿಗೆ ಎದೆಯ ಎಕ್ಸ್‌ರೇ ತೆಗೆಸಿದ್ದು ಅಂದ್ರಿ ಅಲ್ವಾ? ಆಮೇಲೆ ಮನೆಗೆ ಸೇರಿಸಿಕೊಂಡ್ರಾ ಇಲ್ವಾ?"

"ಸೇರಿಸಿಕೊಂಡೆ. ಎಕ್ಸ್‌ರೇ ಇಲ್ಲದಿದ್ರೂ ಸೇರಿಸಿಕೊಳ್ಳಬಾರದಿತ್ತು."

ಅಂದಿನಿಂದ ಭಯ ಹೋಯಿತು. ಕಿರಣ ಹಾದುಹೋಗುತ್ತದೆ, ವಸ್ತುವಿನೊಳಗೆ ಕೂತುಕೊಳ್ಳುವುದಿಲ್ಲ ಎಂದು ಸರ್ ವಿವರಿಸಿದರು. ಹಾದುಹೋದ ಮೇಲೂ ಅದು ಮಾಡಿಟ್ಟ ಹಾನಿ ಒಳಗೊಳಗೇ ಬೆಳೆಯುತ್ತದೆ ಎನ್ನುವುದು ನಮಗೆ ಗೊತ್ತಾದದ್ದು ದೂರು ಬಂದ ಮೇಲೆ.

ಒಂದು ದಿನ ಕಾರ್ಖಾನೆಯ ಮಾಲೀಕ ಶೆಟ್ಟರು ಒಂದು ಸಣ್ಣ ರಟ್ಟಿನ ಡಬ್ಬಿ ಹಿಡಿದುಕೊಂಡು ಕೋಣೆಗೆ ಬಂದರು. ಗಲ್ಫಿನಲ್ಲಿ ದುಡಿದು ಬಂದು ಈ ಕಾರ್ಖಾನೆ ಹಾಕಿದವರು. ಕೋಪ ಬಂದರೆ ದನಿ ಏರುವುದಿಲ್ಲ, ಇಳಿಯುತ್ತದೆ.

"ಪದ್ಮನಾಭರೇ, ಇದನ್ನು ನೋಡಿ ಮಾರಾಯ್ರೇ."

ಡಬ್ಬಿಯಲ್ಲಿ ನಮ್ಮದೇ ಕೊಳವೆಗಳು. ಬೆರಳು ಆನಿಸಲು ಎರಡು ಬದಿಗೆ ಚಾಚಿಕೊಂಡಿರುವ ಭಾಗವನ್ನು ನಾವು ಕಿವಿ ಎನ್ನುತ್ತಿದ್ದೆವು. ಆ ಕಿವಿಗಳು ಮುರಿದಿದ್ದವು. ಯಾವುದೋ ಆಸ್ಪತ್ರೆಯಲ್ಲಿ ನರ್ಸ್ ಮದ್ದು ಒತ್ತುತ್ತಿದ್ದಾಗಲೇ ಮುರಿದು, ಚೂಪಾದ ಅಂಚು ಅವಳ ಬೆರಳನ್ನು ಸೀಳಿತ್ತಂತೆ. ಒಂದು ತುಂಡಿನ ಮೇಲೆ ಒಣಗಿದ ಕಂದು ಗೆರೆ ಇತ್ತು.

"ಇದು ಇಲ್ಲಿ ಪಾಸ್ ಆಗಿತ್ತಲ್ಲ?" ಎಂದರು ಶೆಟ್ಟರು.

"ಆಗಿತ್ತು. ಕಿರಣ ಹಾಯಿಸಿ ಬಂದ ವಾರದಲ್ಲಿ ಗಟ್ಟಿ ಇತ್ತು. ಆಮೇಲೆ ಕಪಾಟಿನಲ್ಲಿ ಕೂತು ಕೂತು ಹೀಗಾಗಿದೆ."

"ಕೂತು ಕೂತು ನಾನೂ ಹಾಳಾಗ್ತೇನೆ. ಮುರಿದು ಬೀಳುದಿಲ್ಲ ಅಲ್ವಾ?"

ನಮ್ಮ ಮಾಲನ್ನೆಲ್ಲ ಕೊಳ್ಳುವ ಕಂಪೆನಿ ಹೇಳಿ ಕಳುಹಿಸಿದ್ದು ಸ್ಪಷ್ಟವಾಗಿತ್ತು. ಪೊಟ್ಟಣದ ಮೇಲೆ ಬರೆದ ಅವಧಿ ಎರಡು ವರ್ಷ. ಅಷ್ಟು ಕಾಲ ಮುರಿಯದಂಥ ಮಿಶ್ರಣ ಮಾಡಿಕೊಡಿ, ಇಲ್ಲವಾದರೆ ಬೇರೆ ಕಡೆಯಿಂದ ತರಿಸುತ್ತೇವೆ. ಅವರು ಬಿಟ್ಟರೆ ಅಚ್ಚಿನ ವಿಭಾಗವೇ ಇಲ್ಲ. ಇದನ್ನು ಶೆಟ್ಟರು ಬಾಯಿಬಿಟ್ಟು ಹೇಳಲಿಲ್ಲ. ಕಿಟಕಿಯಿಂದ ಆಚೆ ಕೈತೊಳೆಯುತ್ತಿದ್ದ ಹೆಂಗಸರ ಕಡೆ ಒಮ್ಮೆ ನೋಡಿ ಹೊರಟುಹೋದರು.

ಅಂದು ಸಂಜೆ ಸರ್ ನಮಗಿಬ್ಬರಿಗೂ ಪಾಠ ಮಾಡಿದರು. ಅಂಥ ಪಾಠ ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ.

"ವರ್ಕಾಡಿಗೆ ಹೋಗುವ ಸಂಜೆಯ ಬಸ್ಸು ಗೊತ್ತುಂಟಲ್ಲ ಗಿರಿಜಕ್ಕ, ಉಸಿರಾಡಲಿಕ್ಕೆ ಜಾಗ ಇರುದಿಲ್ಲ. ಅದರಲ್ಲಿ ಅಮ್ಮನ ಕೈಯಿಂದ ಮಗುವಿನ ಕೈ ತಪ್ಪಿತು ಅಂತ ಇಟ್ಟುಕೊಳ್ಳಿ. ಎರಡು ಹೆಜ್ಜೆ ಆಚೆ ಮಗು ಉಂಟು, ಆದ್ರೆ ನಡುವೆ ಜನ. ಕಿರಣ ಮಾಡುದು ಅದನ್ನೇ, ಪ್ಲಾಸ್ಟಿಕ್ಕಿನ ಸರಪಳಿಯನ್ನು ಅಲ್ಲಲ್ಲಿ ತುಂಡು ಮಾಡ್ತದೆ. ತುಂಡಾದ ಎರಡು ತುದಿ ಪುನಃ ಸೇರಿದ್ರೆ ತೊಂದರೆ ಇಲ್ಲ. ಸೇರಲಿಕ್ಕೆ ಜಾಗ ಇಲ್ಲದಿದ್ರೆ ಗಾಳಿಯ ಆಮ್ಲಜನಕ ಮೆಲ್ಲ ಒಳಗೆ ಬಂದು ಆ ಮಗುವಿನ ಕೈ ಹಿಡೀತದೆ. ಮತ್ತೆ ಒಂದು ತುಂಡಾದದ್ದು ಹತ್ತಾಗ್ತದೆ. ತಿಂಗಳುಗಟ್ಟಲೆ ನಡೀತಾ ಇರ್ತದೆ."

"ಹಾಗಾದ್ರೆ ಬಸ್ಸಿನಲ್ಲಿ ಜಾಗ ಮಾಡಿಕೊಡಿ" ಎಂದರು ಗಿರಿಜಕ್ಕ.

"ಅದೇ. ಸ್ವಲ್ಪ ಎಣ್ಣೆ ಸೇರಿಸಿದ್ರೆ ಒಳಗೆ ಓಡಾಡಲಿಕ್ಕೆ ಜಾಗ ಆಗ್ತದೆ. ಮೆದುವಾದ ಇನ್ನೊಂದು ಪ್ಲಾಸ್ಟಿಕ್ ಬೆರೆಸಿದ್ರೆ ಪೆಟ್ಟು ತಡೀತದೆ. ಆಮ್ಲಜನಕವನ್ನು ಬಾಗಿಲಲ್ಲೇ ತಡೀಲಿಕ್ಕೆ ಕಾವಲಿನ ಪುಡಿ ಬೇಕು. ಮೂರರದ್ದೂ ಹದ ಸಿಕ್ಕಬೇಕು."

ಹದ ಸಿಕ್ಕುವುದಕ್ಕೆ ಮುಂಚೆ ಆದ ಎಡವಟ್ಟುಗಳನ್ನು ನೆನೆದರೆ ಈಗಲೂ ನಗು ಬರುತ್ತದೆ, ನಗು ಬರುವುದು ಆ ಭಾಗಕ್ಕೆ ಮಾತ್ರ. ಮಿಶ್ರಣಗಳಿಗೆ ಸರ್ ಕೊಟ್ಟ ಅಂಕಿಗಳು ಗಿರಿಜಕ್ಕನಿಗೆ ನೆನಪುಳಿಯುತ್ತಿರಲಿಲ್ಲ. ಅವರು ತಿಂಡಿಯ ಹೆಸರಿಟ್ಟರು. ಮೊದಲನೆಯದು ಮುಟ್ಟಿದರೆ ಮುರಿಯುವ ಹಪ್ಪಳ. ಮೆದು ಪ್ಲಾಸ್ಟಿಕ್ ಜಾಸ್ತಿಯಾದ ಇನ್ನೊಂದು ನೀರುದೋಸೆ. ಅದು ಮುರಿಯುತ್ತಿರಲಿಲ್ಲ, ಆದರೆ ಒತ್ತಿದರೆ ಕೊಳವೆಯೇ ಉಬ್ಬಿ ಒಳಗಿನ ನೀರು ಹಿಂದಿನಿಂದ ಸೋರುತ್ತಿತ್ತು.

ಬೇಗ ಬೇಗ ಎಂದು ಶೆಟ್ಟರು ಒಂದು ವಿದ್ಯುತ್ ಒಲೆ ತರಿಸಿದರು. ಬಿಸಿಯಲ್ಲಿ ಇಟ್ಟರೆ ಪ್ಲಾಸ್ಟಿಕ್ ಬೇಗ ಮುಪ್ಪಾಗುತ್ತದೆ, ವರ್ಷದ ಸಂಗತಿ ವಾರಗಳಲ್ಲಿ ತಿಳಿಯುತ್ತದೆ ಎಂದು ಅವರಿಗೆ ಯಾರೋ ಹೇಳಿದ್ದರು. ಸರ್ ಬೇಡವೆಂದರೂ ಅವರು ತಾವೇ ಬಂದು ಶಾಖ ಏರಿಸಿದರು. ಮರುದಿನ ತೆಗೆದು ನೋಡಿದರೆ ಪಟ್ಟಿಗಳು ಬೆವತಿದ್ದವು. ಎಣ್ಣೆಯೆಲ್ಲ ಹೊರಗೆ ಬಂದು ತಟ್ಟೆಯಲ್ಲಿ ನಿಂತಿತ್ತು. ನಾನು ದುಂಡಗೆ ಬರೆದಂಟಿಸಿದ ಚೀಟಿಗಳು ಒಂದೊಂದಾಗಿ ಜಾರಿ ಕೆಳಗೆ ಬಿದ್ದು, ಯಾವ ಪಟ್ಟಿ ಯಾವುದು ಎಂದು ಹೇಳುವವರೇ ಇರಲಿಲ್ಲ.

"ಶೆಟ್ರೇ, ಇದು ಪೋಡಿ ಆಯ್ತು" ಎಂದರು ಗಿರಿಜಕ್ಕ. ಬಜ್ಜಿಗೆ ನಮ್ಮ ಕಡೆ ಹಾಗೆನ್ನುತ್ತೇವೆ. ಶೆಟ್ಟರು ನಗಲಿಲ್ಲ. ಆದರೆ ಆಮೇಲೆ ಆ ಒಲೆಯ ಗುಂಡಿ ಮುಟ್ಟಲೂ ಇಲ್ಲ. ಬೇಗ ಮುಪ್ಪು ಮಾಡುವ ಯಂತ್ರಗಳು ಈಗ ಒಳ್ಳೊಳ್ಳೆಯವು ಬಂದಿವೆ ಎಂದು ಕೇಳಿದ್ದೇನೆ. ಬಂದಿರಲಿ. ಒಲೆ ಹೇಳುವುದು ಒಲೆಯ ಮಾತು, ಕಪಾಟು ಹೇಳುವುದು ಕಪಾಟಿನ ಮಾತು ಎಂದು ಸರ್ ಹೇಳುತ್ತಿದ್ದುದನ್ನು ಮಾತ್ರ ನಾನು ನಿಮಗೆ ದಾಟಿಸುತ್ತೇನೆ.

ಆ ವರ್ಷ ಮಳೆಗಾಲಕ್ಕೆ ಸ್ವಲ್ಪ ಮುಂಚೆ ಹದ ಸಿಕ್ಕಿತು. ಕಿರಣ ಹಾಯಿಸಿ ಬಂದ ಆ ಪಟ್ಟಿಯನ್ನು ನಾನು ಬಗ್ಗಿಸಿದೆ. ಮಡಿಕೆ ಬಿದ್ದಲ್ಲಿ ಉಗುರಿನ ಬುಡದಂತೆ ಬಿಳಿಚಿತು, ಅಷ್ಟೆ. ಬಿಟ್ಟೊಡನೆ ಮೆಲ್ಲಗೆ ಮೊದಲಿನಂತಾಯಿತು. ಕಮಟು ವಾಸನೆಯೂ ಕಡಿಮೆ. ಅರೆಪಾರದರ್ಶಕವಾಗಿ, ಬೆಳಕಿಗೆ ಹಿಡಿದರೆ ಒಳಗೊಂದು ತಂಪು ಹೊಳಪು. ಗಿರಿಜಕ್ಕ ಅಂಗೈಯಲ್ಲಿಟ್ಟು ನೋಡಿ, "ಕೂವೆಹುಡಿಯ ಮಣ್ಣಿ ಹಾಗೆ ಉಂಟು. ಅಲ್ಲಾಡ್ತದೆ, ಒಡೆಯುದಿಲ್ಲ" ಎಂದರು. ಮಣ್ಣಿ ಎಂದರೆ ನಮ್ಮ ಕಡೆ ಹಲ್ವದಂತೆ ಕಾಸಿ ತಿರುವಿ ಮಾಡುವ ಮೆತ್ತನೆಯ ಸಿಹಿ. ಅಂದಿನಿಂದ ಅದೇ ಹೆಸರು. ಸರ್ ಆ ದಿನ ಜೇಬಿನಲ್ಲಿದ್ದ ಹಳೆಯ ಪಟ್ಟಿಯನ್ನು ಎಸೆದು ಮಣ್ಣಿಯ ಒಂದು ಪಟ್ಟಿ ಇಟ್ಟುಕೊಂಡರು.

ಇನ್ನು ಕಾಯಬೇಕಿತ್ತು. ಕಿರಣ ಹಾದ ಪಟ್ಟಿಗಳನ್ನು ಕೋಣೆಯ ಹಲಗೆಗಳ ಮೇಲೆ ತಟ್ಟೆಗಳಲ್ಲಿ ತೆರೆದಿಟ್ಟೆವು. ಹೋಲಿಸಿ ನೋಡಲು ಕಿರಣ ತಾಗದ ಪಟ್ಟಿಗಳೂ ಬೇಕಲ್ಲ, ಅವಕ್ಕೆ ಕೋಣೆಯಲ್ಲಿ ಜಾಗ ಸಾಲಲಿಲ್ಲ. ಸರ್ ಅವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಆಫೀಸಿನ ಕಪಾಟಿನಲ್ಲಿಟ್ಟರು. ಆಗ ನಮಗೆ ಯಾರಿಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಮಳೆ ಹಿಡಿಯಿತು. ಕಾರ್ಖಾನೆಯ ಹಿಂದೆ ಗದ್ದೆ, ಗದ್ದೆಯಲ್ಲಿ ನೀರು, ನೀರಿನಿಂದ ಸೊಳ್ಳೆ. ಸಂಜೆ ಬಸ್ಸಿಗೆ ಹೋಗುವ ಮುಂಚೆ ಗಿರಿಜಕ್ಕ ಒಂದು ಹಳೆಯ ಕಬ್ಬಿಣದ ಬಾಣಲೆಯಲ್ಲಿ ಒಣ ತೆಂಗಿನ ಸಿಪ್ಪೆಗೆ ಬೆಂಕಿ ಮಾಡಿ, ಮೇಲೆ ಲಕ್ಕಿ ಸೊಪ್ಪು ಮತ್ತು ಒಂದು ಚಿಟಿಕೆ ಸಾಂಬ್ರಾಣಿ ಹಾಕಿ, ಕೋಣೆಯ ಮೂಲೆ ಮೂಲೆಗೆ ಹೊಗೆ ಹಿಡಿದು, ಬಾಗಿಲು ಎಳೆದುಕೊಂಡು ಹೋಗುತ್ತಿದ್ದರು. ಮನೆಯಲ್ಲಿ ಮಾಡುವುದನ್ನೇ ಇಲ್ಲಿ ಮಾಡಿದ್ದು. ಅವರಿಗೆ ಯಾರೂ ಹೇಳಿರಲಿಲ್ಲ, ಯಾರೂ ಬೇಡವೆಂದೂ ಇರಲಿಲ್ಲ. ಬೆಳಗ್ಗೆ ಬಾಗಿಲು ತೆರೆದರೆ ದೇವರ ಕೋಣೆಯಂಥ ಪರಿಮಳ. ಸರ್ ಕೂಡ ಒಳಗೆ ಬಂದವರು ದೀರ್ಘವಾಗಿ ಉಸಿರೆಳೆದುಕೊಳ್ಳುತ್ತಿದ್ದರು.

ಮಳೆ ಬಿರುಸಾಗಿರುವ ಆಟಿ ತಿಂಗಳು ಕಳೆಯುವಷ್ಟರಲ್ಲಿ ಮಣ್ಣಿ ಹಳದಿಯಾಗತೊಡಗಿತು. ಮೊದಲು ಅಂಚಿನಲ್ಲಿ, ಹಳೆಯ ಪುಸ್ತಕದ ಹಾಳೆಯ ಹಾಗೆ. ಬಳಿಕ ಮೈತುಂಬ. ಬಗ್ಗಿಸಿದರೆ ಮಾತ್ರ ಮೊದಲಿನ ಹಾಗೆಯೇ ಬಗ್ಗುತ್ತಿತ್ತು. ಸರ್ ಆಫೀಸಿನ ಕಪಾಟಿನಿಂದ ಕಿರಣ ತಾಗದ ಪಟ್ಟಿಯನ್ನು ತಂದು ಪಕ್ಕದಲ್ಲಿಟ್ಟರು. ಅದು ಶುಭ್ರವಾಗಿತ್ತು.

"ಕಿರಣದಿಂದಲೇ" ಎಂದರು. "ಕಾವಲಿನ ಪುಡಿ ಕಿರಣ ತಾಗಿದ್ರೆ ಬಣ್ಣ ಬದಲಿಸುದುಂಟು."

ನವರಾತ್ರಿ ಕಳೆದ ಮೇಲೆ ಕೊಳ್ಳುವ ಕಂಪೆನಿಯ ಅಧಿಕಾರಿ ಬಂದರು. ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ, ಸಭ್ಯ ಮನುಷ್ಯ. ಹೆದ್ದಾರಿ ಅಗಲ ಮಾಡುವ ಕೆಲಸದ ಕೆಂಪು ಧೂಳು ಅವರ ಬೂಟಿನ ತುಂಬ ಕೂತಿತ್ತು, ಬಾಗಿಲಲ್ಲಿ ಅವರು ಅದನ್ನು ಎರಡೆರಡು ಸಲ ಒರೆಸಿಕೊಂಡರು. ಸರ್ ಅವರೆದುರು ಮಣ್ಣಿಯ ಪಟ್ಟಿಯನ್ನು ಬಗ್ಗಿಸಿದರು, ಸುತ್ತಿದರು, ಮೇಜಿನ ಅಂಚಿಗೆ ಬಡಿದರು. ಮುರಿಯಲಿಲ್ಲ.

ಅಧಿಕಾರಿ ಅದನ್ನು ಕೈಗೆ ತೆಗೆದುಕೊಂಡು ಕಿಟಕಿಯ ಬೆಳಕಿಗೆ ಹಿಡಿದರು. "ಗಟ್ಟಿ ಉಂಟು ಸರ್, ನಾನು ಒಪ್ತೇನೆ. ಆದ್ರೆ ಇದು ಹಳದಿ."

"ಹಳದಿಗೂ ಗಟ್ಟಿಗೂ ಸಂಬಂಧ ಇಲ್ಲ."

"ನಿಮಗೆ ಗೊತ್ತು, ನನಗೂ ಗೊತ್ತು. ನರ್ಸ್ ಬಗ್ಗಿಸಿ ನೋಡುದಿಲ್ಲ, ಕಣ್ಣಿನಲ್ಲಿ ನೋಡುದು. ಹಳದಿ ಸಿರಿಂಜನ್ನು ಯಾವ ತಾಯಿ ತನ್ನ ಮಗುವಿನ ಕೈಗೆ ಚುಚ್ಚಲಿಕ್ಕೆ ಬಿಡ್ತಾಳೆ?"

ನಾನೂ ಒಬ್ಬಳು ತಾಯಿ. ಬಿಡುತ್ತಿರಲಿಲ್ಲ.

ಮಣ್ಣಿ ಬೇಡವೆಂದಾಯಿತು. ಬಿಳಿಯಾಗಿಯೇ ಉಳಿಯುವುದು ಬೇಕೆಂದು ಸರ್ ಕಾವಲಿನ ಪುಡಿಯನ್ನು ತೆಗೆದು, ಎಣ್ಣೆಯನ್ನು ತುಸು ಹೆಚ್ಚಿಸಿ ಇನ್ನೊಂದು ಮಿಶ್ರಣ ಮಾಡಿದರು. ಅದು ಹಬೆಯಲ್ಲಿ ಬೇಯಿಸಿ ಒತ್ತಿದ ಶ್ಯಾವಿಗೆಯಷ್ಟು ಬೆಳ್ಳಗೆ. ಗಿರಿಜಕ್ಕ ಅದಕ್ಕೆ ಸೇಮಿಗೆ ಎಂದರು, ಊರಿನಲ್ಲಿ ಹೇಳುವ ಹಾಗೆ. ಕೆಲವು ತಿಂಗಳು ಅದೂ ಸರಿಯಾಗಿಯೇ ಬಗ್ಗಿತು. ಆದರೆ ನನ್ನ ಕೈಗೆ ಏನೋ ಬದಲಾದಂತೆ ಅನಿಸುತ್ತಿತ್ತು, ಮರಳಿ ನೆಟ್ಟಗಾಗುವಾಗ ಒಂದು ಸಣ್ಣ ಹಿಂಜರಿಕೆ. ಸರ್ ಅವರಿಗೂ ಅನಿಸಿತ್ತು.

"ಶೆಟ್ರೇ, ಇನ್ನೊಂದು ವರ್ಷ ನೋಡುವ" ಎಂದರು ಸರ್.

"ಒಂದು ವರ್ಷ ಅವರು ಕಾಯುದಿಲ್ಲ. ನಾನು ಕಾಯ್ತೇನೆ ಅಂತ ಇಟ್ಟುಕೊಳ್ಳಿ, ಹೊರಗೆ ಇರುವ ಹೆಂಗಸರು ಎಂತ ಮಾಡುದು? ನೀವೇ ಹೋಗಿ ಹೇಳಿ ಬನ್ನಿ ಅವರಿಗೆ."

ಸರ್ ಹೊರಗೆ ಹೋಗಲಿಲ್ಲ. ಸೇಮಿಗೆ ಲಾರಿ ಹತ್ತಿತು.

ಆ ಬೇಸಿಗೆಯಲ್ಲಿ, ಸೇಮಿಗೆಯ ತಟ್ಟೆಗಳಿಗೆ ಜಾಗ ಮಾಡಲು ಮಣ್ಣಿಯ ಒಂದು ತಟ್ಟೆಯನ್ನು ನಾವು ಪಡುವಣ ಕಿಟಕಿಯ ದಂಡೆಗೆ ಸರಿಸಿದ್ದೆವು. ಬಿಸಿಲು ಕಾಲದಲ್ಲಿ ಸೊಳ್ಳೆ ಇಲ್ಲ, ಹೊಗೆಯೂ ಇರಲಿಲ್ಲ. ಧೂಳು ಒರೆಸುತ್ತಿದ್ದಾಗ ನನಗೆ ಆ ತಟ್ಟೆ ವಿಚಿತ್ರವಾಗಿ ಕಂಡಿತು. ಒಂದರ ಮೇಲೊಂದು ಬಿದ್ದಿದ್ದ ಪಟ್ಟಿಗಳಲ್ಲಿ ಬಿಸಿಲಿಗೆ ತೆರೆದುಕೊಂಡ ಭಾಗವೆಲ್ಲ ಬಿಳಿ, ಮೇಲಿನ ಪಟ್ಟಿಯ ನೆರಳು ಬಿದ್ದಷ್ಟು ಭಾಗ ಹಳದಿ. ಸರ್ ಅವರನ್ನು ಕರೆದೆ. ಅವರು ಒಂದೊಂದು ಪಟ್ಟಿಯನ್ನೂ ಎತ್ತಿ ಮಗುಚಿ ನೋಡಿದರು. ಆಮೇಲೆ ಕುರ್ಚಿ ಎಳೆದು ಕೂತರು.

"ಕಿರಣದ್ದಲ್ಲ ಟೀಚರ್ ಇದು" ಎಂದರು. ಅವರೂ ನನ್ನನ್ನು ಹಾಗೆ ಕರೆದದ್ದು ಅದೊಂದೇ ಸಲ. "ಹೊಗೆಯದ್ದು."

ಖಾತ್ರಿ ಮಾಡಿಕೊಳ್ಳಲು ಸರ್ ತಮ್ಮ ಮನೆಯಲ್ಲಿ, ಕಿರಣವೇ ತಾಗದ ಶುಭ್ರವಾದ ಪಟ್ಟಿಗಳನ್ನು ಒಂದು ಡಬ್ಬಿಯಲ್ಲಿಟ್ಟು ಸಿಪ್ಪೆಯ ಹೊಗೆ ಹಿಡಿದರು. ಅವು ಹಳದಿಯಾದವು. ಬಿಸಿಲಿಗಿಟ್ಟರು, ಬಿಳಿಯಾದವು. ಹೊಗೆಯಲ್ಲಿರುವ ಸಾರಜನಕದ ಒಂದು ಗಾಳಿ ಆ ಕಾವಲಿನ ಪುಡಿಯನ್ನು ಹಳದಿ ಮಾಡುತ್ತದಂತೆ, ಬಿಸಿಲು ಆ ಹಳದಿಯನ್ನು ಅಳಿಸುತ್ತದಂತೆ. ಬಟ್ಟೆ ಗಿರಣಿಯವರಿಗೆ ಇದು ಹಿಂದಿನಿಂದಲೂ ಗೊತ್ತಂತೆ. "ನಾನೂ ಓದಿದ್ದೆ. ಬಟ್ಟೆಯವರ ತಾಪತ್ರಯ ನಮಗೆ ಯಾಕೆ ಅಂತ ಹಾಳೆ ಮಗುಚಿದೆ" ಎಂದರು ಸರ್. ಹೋಲಿಸಿ ನೋಡುವ ಪಟ್ಟಿಗಳು ಅದೇ ಕೋಣೆಯಲ್ಲಿ, ಅದೇ ಗಾಳಿಯಲ್ಲಿ ಇದ್ದಿದ್ದರೆ ಅವೂ ಹಳದಿಯಾಗಿ, ಮೊದಲ ಮಳೆಗಾಲದಲ್ಲೇ ನಮಗೆ ತಿಳಿಯುತ್ತಿತ್ತು. ಹುಡುಗಿಯರೇ, ನನ್ನಿಂದ ನೀವು ಕಲಿಯುವುದು ಏನಾದರೂ ಇದ್ದರೆ ಇದೊಂದೇ. ಜೋಡಿಯನ್ನು ಅಗಲಿಸಬೇಡಿ. ಕಿರಣ ತಾಗಿದ್ದು, ತಾಗದ್ದು ಎರಡೂ ಒಂದೇ ಹಲಗೆಯ ಮೇಲೆ ಕೂರಲಿ. ಜಾಗ ಇಲ್ಲವಾದರೆ ನಿಮ್ಮ ಊಟದ ಡಬ್ಬಿ ಹೊರಗಿಡಿ.

ಗಿರಿಜಕ್ಕನಿಗೆ ಇದನ್ನು ಹೇಳಬಾರದೆಂದು ಸರ್ ನನ್ನಿಂದ ಮಾತು ತೆಗೆದುಕೊಂಡರು. "ಅವರು ಮಾಡಿದ್ದು ಸೊಳ್ಳೆ ಓಡಿಸಿದ್ದು. ನೋಡಬೇಕಾದವ ನಾನು."

ಸರ್ ಶೆಟ್ಟರ ಹತ್ತಿರ ಹೋದರು. ಬಾಗಿಲು ತೆರೆದೇ ಇತ್ತು, ನಾನು ಹೊರಗೆ ಚೀಟಿ ಕತ್ತರಿಸುತ್ತಾ ಕೂತಿದ್ದೆ.

"ಸೇಮಿಗೆ ನಿಲ್ಲಿಸುವ. ಮಣ್ಣಿ ಹಳದಿ ಆಗುದಿಲ್ಲ. ಅದು ನಮ್ಮ ಕೋಣೆಯ ದೋಷ."

"ಈಗ ಹೋಗಿ ಎಂತ ಹೇಳ್ಲಿ ನಾನು? ಬಿಳಿ ಕೊಟ್ಟದ್ದನ್ನು ವಾಪಸು ಕೊಡಿ, ಹಳದಿ ಆಗಿದ್ದದ್ದು ನಿಜವಾಗಿ ಹಳದಿ ಅಲ್ಲ, ಅದನ್ನು ತಗೊಳ್ಳಿ ಅಂತಲಾ? ಅವರು ನನ್ನ ತಲೆ ಸರಿ ಉಂಟಾ ಅಂತ ಕೇಳುದಿಲ್ವಾ?"

"ಸೇಮಿಗೆ ಮುರೀತದೆ ಶೆಟ್ರೇ."

"ಮುರಿದಿಲ್ಲ ಅಲ್ವಾ ಇನ್ನೂ."

ಅದು ನಿಜವಾಗಿತ್ತು. ಮುರಿದಿರಲಿಲ್ಲ. ಮುಂದಿನ ಮಳೆಗಾಲ ಪೂರ್ತಿ ನಾವು ಹಲಗೆಯ ಮೇಲಿನ ಸೇಮಿಗೆಯನ್ನು ಬಗ್ಗಿಸುತ್ತಾ ಹೋದೆವು. ಮಣ್ಣಿಯ ತಟ್ಟೆಗಳನ್ನು ಮುಚ್ಚಳದ ತಗಡಿನ ಪೆಟ್ಟಿಗೆಗೆ ಹಾಕಿ ಆಫೀಸಿಗೆ ಸಾಗಿಸಿದೆವು, ಗಿರಿಜಕ್ಕನಿಗೆ ಜಾಗ ಸಾಲದೆಂದು ಹೇಳಿದೆವು. ಅವರ ಹೊಗೆ ಎಂದಿನಂತೆ ನಡೆಯಿತು. ಸೇಮಿಗೆ ಬಿಳಿಯಾಗಿಯೇ ಇತ್ತು. ಒಂದು ಬೆಳಗ್ಗೆ ನನ್ನ ಕೈಯಲ್ಲಿ ಟಕ್ಕೆಂದಿತು. ಹಪ್ಪಳದ ಸದ್ದಲ್ಲ ಅದು, ಒಣ ಕಡ್ಡಿಯ ಸದ್ದು. ಮುರಿದ ತುದಿಯಿಂದ ಹಿಟ್ಟಿನಂಥ ಪುಡಿ ಉದುರಿತು. ಮತ್ತೊಂದು ತೆಗೆದೆ. ಮತ್ತೊಂದು. ಗಿರಿಜಕ್ಕ ಬಂದು ನನ್ನ ಕೈ ಹಿಡಿದುಕೊಂಡರು. "ಸಾಕು ಟೀಚರೇ, ಎಲ್ಲವನ್ನೂ ಮುರೀಬೇಡಿ."

ದೂರು ಬರಲು ತಡವಾಗಲಿಲ್ಲ. ಆಸ್ಪತ್ರೆಗಳಿಂದ ಪೆಟ್ಟಿಗೆಗಟ್ಟಲೆ ಹಿಂದಿರುಗಿ ಬಂದವು. ಈ ಸಲ ಆ ತಿಳಿನೀಲಿ ಅಂಗಿಯವರು ಬರಲಿಲ್ಲ. ಇನ್ನು ಮುಂದೆ ನಿಮ್ಮಿಂದ ಕೊಳ್ಳುವುದಿಲ್ಲ ಎಂದು ಫೋನಿನಲ್ಲೇ ಹೇಳಿದರು. ಶೆಟ್ಟರು ಬೇರೆ ಕಂಪೆನಿಗಳ ಬಾಗಿಲಿಗೂ ಹೋದರು. ಸಿರಿಂಜು ಮುರಿದ ಸುದ್ದಿ ಅವರಿಗಿಂತ ಮುಂಚೆ ಅಲ್ಲಿಗೆ ತಲುಪಿತ್ತು. ಯಂತ್ರಗಳು ಒಂದೊಂದಾಗಿ ನಿಂತವು. ಅಚ್ಚಿನ ವಿಭಾಗದ ಹೆಂಗಸರು ಮೊದಲು ದಿನ ಬಿಟ್ಟು ದಿನ ಬಂದರು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಕೆಲಸ ಉಂಟಾ ಎಂದು ಕೇಳಲು ಮಾತ್ರ ಬಂದರು. ಕೇಳಲು ಬಂದವರಿಗೂ ಗಿರಿಜಕ್ಕ ಚಹಾ ಮಾಡಿ ಕೊಡುತ್ತಿದ್ದರು.

ಯಂತ್ರಗಳನ್ನು ಕೊಂಡವರ ಲಾರಿ ಬರುವ ಹಿಂದಿನ ದಿನ ಸರ್ ನಮ್ಮಿಬ್ಬರನ್ನು ಪರೀಕ್ಷೆಯ ಕೋಣೆಗೆ ಕರೆದರು. ಮಣ್ಣಿಗೆ ಎರಡು ವರ್ಷ ತುಂಬಿತ್ತು, ಹೊಸ ಮಳೆ ಆಗಷ್ಟೇ ಶುರುವಾಗಿತ್ತು. ಕರೆಂಟು ಕಡಿದಿದ್ದರು, ಕಿಟಕಿಯ ಬೆಳಕು ಮಾತ್ರ. ಬಿಸಿಲಿಗೆ ಹಿಡಿದು ಬಿಳಿ ಮಾಡಿದ್ದ ತಟ್ಟೆಯನ್ನು ಹಲಗೆಯ ಮೇಲಿಟ್ಟು ಒಂದೊಂದಾಗಿ ನನ್ನ ಕೈಗೆ ಕೊಟ್ಟರು. ನಾನು ಬಗ್ಗಿಸಿದೆ. ಬಗ್ಗಿತು, ಬಿಳಿಚಿತು, ಮರಳಿತು. ಇನ್ನೊಂದು. ಅದೂ ಹಾಗೆಯೇ. ಒಂದೂ ಮುರಿಯಲಿಲ್ಲ. ಒಂದಾದರೂ ಮುರಿಯಲಿ ಎಂದು ನಾನು ಒಳಗೊಳಗೆ ಬೇಡಿಕೊಂಡೆ. ಮುರಿದಿದ್ದರೆ ನಾವು ಕಳೆದುಕೊಂಡದ್ದು ಇಷ್ಟು ದೊಡ್ಡದಾಗಿ ಕಾಣುತ್ತಿರಲಿಲ್ಲ.

ಶೆಟ್ಟರು ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಒಳಗೆ ಬಂದು ಒಂದು ಪಟ್ಟಿ ತೆಗೆದು ತಾವೂ ಬಗ್ಗಿಸಿದರು. ಅವರು ಹಾಗೆ ಬಗ್ಗಿಸಿ ನೋಡಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಒಳ್ಳೆ ಮಣ್ಣಿ ಪದ್ಮನಾಭರೇ" ಎಂದರು. "ಬಡಿಸಲಿಕ್ಕೆ ಎಲೆ ಇಲ್ಲ, ಅಷ್ಟೆ."

ಅವರು ಹೋದ ಮೇಲೆ ಗಿರಿಜಕ್ಕ ಹೊರಗಿನಿಂದ ಬಾಣಲೆ ತಂದರು. ಸಿಪ್ಪೆಯ ಬೆಂಕಿ ಹೊತ್ತಿತ್ತು, ಸೊಪ್ಪು ಚಟಪಟ ಎನ್ನುತ್ತಿತ್ತು. ಸೆರಗಿನಲ್ಲಿ ಮುಖ ಒರೆಸಿಕೊಂಡು ಸರ್ ಅವರನ್ನು ನೋಡಿ ನಕ್ಕರು.

"ಸರ್, ಅಷ್ಟು ಚಂದ ಬಂತಲ್ಲ ನಿಮ್ಮ ಮಣ್ಣಿ, ಹಳದಿಯೂ ಹೋಗಿದೆ. ನಾಳೆ ಯಾರೋ ಬರ್ತಾರೆ, ಕೋಣೆಯಲ್ಲಿ ಸೊಳ್ಳೆ ಉಂಟು. ಇವತ್ತು ಒಂದು ಒಳ್ಳೆ ಹೊಗೆ ಹಾಕಿ ಹೋಗ್ಲಾ?"

ತಟ್ಟೆ ಹಲಗೆಯ ಮೇಲೆ ತೆರೆದೇ ಇತ್ತು. ನಾನು ಮುಚ್ಚಳ ಹುಡುಕಲು ಕೈ ಚಾಚಿದೆ. ಸರ್ ತಲೆಯಾಡಿಸಿ ಬೇಡವೆಂದರು.

"ಹಾಕಿ ಗಿರಿಜಕ್ಕ" ಎಂದರು.

ಗಿರಿಜಕ್ಕ ಮೂಲೆ ಮೂಲೆಗೆ ಹೋಗಿ ಹೊಗೆ ಹಿಡಿದರು. ಸರ್ ಕಣ್ಣು ಮುಚ್ಚಿ ಆ ಪರಿಮಳವನ್ನು ಒಳಗೆಳೆದುಕೊಂಡರು. ಹೊಗೆ ಹಲಗೆಯಿಂದ ಹಲಗೆಗೆ ಇಳಿದು ತಟ್ಟೆಯ ಮೇಲೆ ಹರಡಿಕೊಂಡಿತು. ನಮಗೆ ಕೆಮ್ಮು ಬಂದು ಮೂವರೂ ಹೊರಗೆ ಬಂದೆವು. ಸರ್ ಬಾಗಿಲು ಎಳೆದು, ಬೀಗ ಹಾಕಿ, ಕೀಲಿಯನ್ನು ಶೆಟ್ಟರ ಮೇಜಿನ ಮೇಲಿಟ್ಟರು. ಆಮೇಲೆ ಅವರು ಯಾವ ಪ್ರಯೋಗಾಲಯಕ್ಕೂ ಹೋಗಲಿಲ್ಲ.

ಗಿರಿಜಕ್ಕ ಮತ್ತೆ ಬೀಡಿ ಕಟ್ಟಿದರು. ಉಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗಲೆಲ್ಲ, "ಟೀಚರೇ, ಆ ಮಣ್ಣಿ ಒಂದು ನಡೆಯಬೇಕಿತ್ತು" ಎನ್ನುತ್ತಿದ್ದರು. ಹೌದೆನ್ನುತ್ತಿದ್ದೆ. ಹೋದ ವರ್ಷ ಅವರು ತೀರಿಕೊಂಡರು. ಅವರಿದ್ದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.